ಶುಚಿಯಾದ ಮನೆಯಲ್ಲಿ ಉಬ್ಬಸವೇಕೆ?

ಕೆಲವು ವರ್ಷಗಳ ಹಿಂದಿನ ಮಾತು. ಯುಗಾದಿಗೆ ಎರಡು ದಿನವಿದ್ದಾಗ ನಮ್ಮ ಮನೆಯಲ್ಲಿ ದೂಳು ಹೊಡೆಯುವ ಕೆಲಸ ಆರಂಭವಾಯಿತು. ಅಟ್ಟದ ಸಾಮಾನು ಕೆಳಗಿಳಿಯಿತು, ಜೇಡರ ಬಲೆ ಹೋಯಿತು, ಹಾಸಿಗೆ-ಸೋಫಾಗಳನ್ನು ಕೋಲಿನಿಂದ ಬಡಿದದ್ದೂ ಆಯಿತು. ಸಂಜೆಗೆ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಅದೇ ರಾತ್ರಿ ಆರು ವರ್ಷದ ಮೊಮ್ಮಗಳು ಉಸಿರು ಸಿಗದೆ ಎದ್ದು ಕುಳಿತಳು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ: ‘ಇವತ್ತು ಮನೆ ದೂಳು ಹೊಡೆದಿರಾ? ಆಗ ಮಗು ಎಲ್ಲಿತ್ತು?’ ಮಗು ಅಲ್ಲೇ, ಅಜ್ಜಿಯ ಹಿಂದೆ ಮುಂದೆ ಓಡಾಡಿಕೊಂಡಿತ್ತು.

ಇದು ಒಂದು ಮನೆಯ ಕತೆಯಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು 20,000 ಮಕ್ಕಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1979ರಲ್ಲಿ ಶೇ 9ರಷ್ಟಿದ್ದ ಅಸ್ತಮಾ ಪ್ರಮಾಣ 1999ರ ವೇಳೆಗೆ ಶೇ 29.5ಕ್ಕೆ ಏರಿತ್ತು. ಈ ಏರಿಕೆಗೆ ವಾಹನಗಳ ಹೊಗೆಯ ಪಾಲು ಸಣ್ಣದಲ್ಲ. ಆದರೆ ಬೀದಿಯನ್ನು ದೂರಿ, ಕಿಟಕಿ ಮುಚ್ಚಿ ನೆಮ್ಮದಿಯಾಗುವ ನಾವು ಮನೆಯೊಳಗಿನ ಗಾಳಿಯ ಬಗ್ಗೆ ಯೋಚಿಸುವುದೇ ಇಲ್ಲ.

ಮನೆಯ ದೂಳಿನಲ್ಲಿ ಅಲರ್ಜಿ ತರುವ ಮುಖ್ಯ ಮೂಲ ಒಂದು ಜೀವಿ ಎಂಬುದನ್ನು 1960ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ಲೈಡನ್ ನಗರದ ಸಂಶೋಧಕರು ತೋರಿಸಿಕೊಟ್ಟರು. ತೆಂಗಿನ ನುಸಿಪೀಡೆಯನ್ನು ಕಂಡಿರುವ ನಾವು ಅದನ್ನು ದೂಳುನುಸಿ ಎನ್ನಬಹುದು. ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ದೊಡ್ಡದಲ್ಲದ, ಜೇಡನ ಬಳಗಕ್ಕೆ ಸೇರಿದ ಈ ಜೀವಿ ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು, ಗಾಳಿಯ ತೇವವನ್ನು ಹೀರಿ ಹಾಸಿಗೆ, ದಿಂಬು, ಸೋಫಾ, ಜಮಖಾನಗಳಲ್ಲಿ ಬದುಕುತ್ತದೆ. ತೊಂದರೆ ಕೊಡುವುದು ಮುಖ್ಯವಾಗಿ ಅದರ ಹಿಕ್ಕೆ. ಅದರ ಕಣ ತಾನಾಗಿ ತೇಲುವುದಿಲ್ಲ. ಕೊಡವಿದಾಗ, ಗುಡಿಸಿದಾಗ ಮೇಲೇಳುತ್ತದೆ. ಹೆಚ್ಚಿನಂಶ ಅರ್ಧ ಗಂಟೆಯೊಳಗೆ ಮತ್ತೆ ಕೆಳಗಿಳಿಯುತ್ತದೆ. ಆ ಅರ್ಧ ಗಂಟೆ ಕೋಣೆಯಲ್ಲಿ ಯಾರಿರುತ್ತಾರೆ ಎಂಬುದೇ ಪ್ರಶ್ನೆ.

ನಮ್ಮ ಶುಚಿತ್ವದ ಕಲ್ಪನೆ ಕಣ್ಣು ಮತ್ತು ಮೂಗಿಗೆ ಸಂಬಂಧಿಸಿದ್ದು. ನೆಲ ಹೊಳೆಯಬೇಕು, ಫಿನಾಯಿಲ್ ವಾಸನೆ ಬರಬೇಕು, ಸಂಜೆ ಊದುಬತ್ತಿ ಉರಿಯಬೇಕು, ರಾತ್ರಿ ಸೊಳ್ಳೆಬತ್ತಿ ಹಚ್ಚಬೇಕು. ಒಂದು ಸೊಳ್ಳೆಬತ್ತಿ ಉಗುಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಶ್ವಾಸಕೋಶದ ದೃಷ್ಟಿಯಿಂದ ಇದನ್ನು ಶುಚಿತ್ವ ಎನ್ನಲಾಗದು.

ಹಾಗಾದರೆ ಮಾಡಬೇಕಾದದ್ದೇನು? ಹಾಸಿಗೆ, ದಿಂಬಿನ ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು. 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನುಸಿ ಸಾಯುತ್ತದೆ. ತಣ್ಣೀರು ಹಿಕ್ಕೆಯನ್ನು ಬಹುಪಾಲು ತೊಳೆಯುತ್ತದಾದರೂ ನುಸಿಯನ್ನು ಕೊಲ್ಲುವುದಿಲ್ಲ. ಒಣ ಪೊರಕೆಗಿಂತ ಒದ್ದೆ ಬಟ್ಟೆ ಮೇಲು. ಬಚ್ಚಲಿನ, ಗೋಡೆಯ ತೇವ ಆರುವಂತೆ ಗಾಳಿಯಾಡಬೇಕು. ರಾತ್ರಿ ಮುಸುರೆ ಉಳಿಸಬಾರದು. ಜಿರಳೆಯ ಹಿಕ್ಕೆಯೂ ಉಬ್ಬಸಕ್ಕೆ ಕಾರಣ.

ಇಲ್ಲೊಂದು ಎಚ್ಚರಿಕೆ ಅಗತ್ಯ. ನುಸಿ ನಿಯಂತ್ರಣದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2008ರ ಕಾಕ್ರೇನ್ ಪರಾಮರ್ಶೆಗೆ ಅಸ್ತಮಾದಲ್ಲಿ ಗಮನಾರ್ಹ ಸುಧಾರಣೆ ಕಾಣಲಿಲ್ಲ. ಆದರೆ ಯಾವ ಮಗುವಿಗೆ ಯಾವುದರ ಅಲರ್ಜಿ ಎಂದು ತಿಳಿದು ಹಲವು ಕ್ರಮಗಳನ್ನು ಒಟ್ಟಿಗೆ ಕೈಗೊಂಡಾಗ ಅಮೆರಿಕದ ನಗರಗಳ ಮಕ್ಕಳಿಗೆ ಅನುಕೂಲವಾದದ್ದನ್ನು 2004ರ ಅಧ್ಯಯನ ದಾಖಲಿಸಿದೆ. ದುಬಾರಿ ಯಂತ್ರವೊಂದನ್ನು ಕೊಂಡು ಕೈತೊಳೆದುಕೊಳ್ಳುವಂತಿಲ್ಲ. ಮನೆ ಶುಚಿಯಾಯಿತೆಂದು ವೈದ್ಯರು ಬರೆದ ಇನ್‌ಹೇಲರ್ ನಿಲ್ಲಿಸುವಂತೆಯೂ ಇಲ್ಲ.

ನಮ್ಮ ಹಿರಿಯರು ಹಾಸಿಗೆಗಳನ್ನು ಬಿಸಿಲಿಗೆ ಹಾಕುತ್ತಿದ್ದರು. ಹೊಗೆ ತುಂಬಿದ ಅವರ ಅಡುಗೆಮನೆಯನ್ನು ನಾನು ಹೊಗಳಲಾರೆ. ಆದರೆ ಬಿಸಿಲಿನ ವಿಷಯದಲ್ಲಿ ಅವರು ಸರಿ: ಚೆನ್ನಾಗಿ ಕಾದು ಒಣಗಿದ ಜಾಗದಲ್ಲಿ ನುಸಿ ಉಳಿಯದು. ಇಂದು ಅದೇ ಬಿಸಿಲಿಗೆ ನಮ್ಮ ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಬೀಗ ಬಿದ್ದಿದೆ. ತಾರಸಿಯ ಕೀಲಿ ಕಾವಲುಗಾರನ ಬಳಿ. ಬಾಲ್ಕನಿಯಲ್ಲಿ ದಿಂಬು ಒಣಗಿಸಿದರೆ ಕಟ್ಟಡದ ಅಂದ ಕೆಡುತ್ತದೆಂಬ ನೋಟಿಸು. ಕ್ಲಬ್‌ಹೌಸಿಗೆ ಹಣ ಕೂಡಿಸುವ ನಿವಾಸಿ ಸಂಘಗಳು ವಾರಕ್ಕೊಂದು ದಿನ ತಾರಸಿಯನ್ನು ಹಾಸಿಗೆಗಳಿಗಾಗಿ ತೆರೆಯುವ ತೀರ್ಮಾನ ಕೈಗೊಳ್ಳಲಾರವೇ?

ಇನ್ನು, ಈ ದೂಳನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವರನ್ನು ನಾವು ಮರೆತೇಬಿಟ್ಟಿದ್ದೇವೆ. ನಮ್ಮ ಮಗುವನ್ನು ಪಕ್ಕದ ಕೋಣೆಗೆ ಕಳುಹಿಸಿ ಬಾಗಿಲು ಹಾಕಿಕೊಳ್ಳಬಹುದು. ಮನೆಗೆಲಸದ ಹೆಂಗಸು ಎಲ್ಲಿಗೆ ಹೋಗಬೇಕು? ನಾಲ್ಕೈದು ಮನೆಗಳ ದೂಳು ಪ್ರತಿದಿನ ಆಕೆಯ ಎದೆ ಸೇರುತ್ತದೆ. ಆಕೆ ಕೆಮ್ಮಿದರೆ ನಾವು ದೂರ ಸರಿಯುತ್ತೇವೆಯೇ ಹೊರತು, ಆ ಕೆಮ್ಮಿಗೆ ನಮ್ಮ ಸೋಫಾ ಕಾರಣವಿರಬಹುದೆಂದು ಎಣಿಸುವುದಿಲ್ಲ. ಕಿಟಕಿ ತೆರೆದಿಡುವುದು, ಒದ್ದೆ ಬಟ್ಟೆ ಕೊಡುವುದು, ಅಟ್ಟ ಇಳಿಸುವ ದಿನ ಒಂದು ಒಳ್ಳೆಯ ಮುಖಗವಸು ಕೊಡುವುದು ಉಪಕಾರವಲ್ಲ, ಕೆಲಸ ಮಾಡಿಸಿಕೊಳ್ಳುವವರ ಹೊಣೆ.

ಮುಂದಿನ ಹಬ್ಬಕ್ಕೂ ನಮ್ಮ ಮನೆಯಲ್ಲಿ ಅಟ್ಟ ಇಳಿಯುತ್ತದೆ. ನೆಲ ಎಷ್ಟು ಹೊಳೆಯುತ್ತಿದೆ ಎಂದು ಅಂದು ನಾನು ನೋಡುವುದಿಲ್ಲ. ರಾತ್ರಿ ಮೊಮ್ಮಗಳು ನಿದ್ದೆ ಮಾಡಿದಳೇ, ಬೆಳಿಗ್ಗೆ ಕೆಲಸಕ್ಕೆ ಬಂದಾಕೆ ಕೆಮ್ಮದೆ ಮಾತನಾಡಿದಳೇ ಎಂದು ವಿಚಾರಿಸುತ್ತೇನೆ. ಮನೆ ಶುಚಿಯಾಯಿತೋ ಇಲ್ಲವೋ ಎಂಬುದನ್ನು ಹೇಳಬೇಕಾದವರು ಅವರಿಬ್ಬರೇ.