ಗಾಜಿನ ವ್ಯೂ ಪಾಯಿಂಟ್ ಪರಿಸರಸ್ನೇಹಿಯೇ? ಬೆಟ್ಟದಲ್ಲಿ ಬೆರೆತುಹೋಗುವ ಕಟ್ಟಡದ ಅಸಲಿ ಲೆಕ್ಕ

ಕಮರಿಯ ಮೇಲೆ ಚಾಚಿಕೊಂಡ ಗಾಜಿನ ಸೇತುವೆ, ಅದರ ಮೇಲೆ ಹೆದರುತ್ತಾ ಹೆಜ್ಜೆಯಿಡುವ ಪ್ರವಾಸಿಗರು. ಇಂಥ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಗಾಜು ಪಾರದರ್ಶಕ, ಹಾಗಾಗಿ ಪ್ರಕೃತಿಗೆ ತೊಂದರೆಯಿಲ್ಲ ಎಂಬ ಮಾತೂ ಜೊತೆಗೇ ಹರಿದಾಡುತ್ತದೆ. ಹಸಿರು ಬಣ್ಣ ಬಳಿದರೆ ಕಟ್ಟಡ ಕಾಡಿನಲ್ಲಿ ಕಾಣುವುದೇ ಇಲ್ಲ ಎನ್ನುವುದು ಇನ್ನೊಂದು ನಂಬಿಕೆ. ಇವು ಎಷ್ಟು ನಿಜ?

ಗಾಜು ಕಾಣದಿರುವುದೇ ಸಮಸ್ಯೆ

ಹಕ್ಕಿಗಳಿಗೆ ಗಾಜು ಒಂದು ತಡೆ ಎಂದು ತಿಳಿಯುವುದಿಲ್ಲ. ಅದರಲ್ಲಿ ಪ್ರತಿಫಲಿಸುವ ಆಕಾಶ, ಮರಗಳನ್ನೇ ನಿಜವೆಂದುಕೊಂಡು, ಇಲ್ಲವೇ ಗಾಜಿನಾಚೆ ಕಾಣುವ ಗಿಡದತ್ತ ಹಾರಿ ಡಿಕ್ಕಿ ಹೊಡೆಯುತ್ತವೆ. ಕಟ್ಟಡಗಳಿಗೆ, ಮುಖ್ಯವಾಗಿ ಅವುಗಳ ಗಾಜಿಗೆ ಬಡಿದು ಅಮೆರಿಕ ಒಂದರಲ್ಲೇ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಸಾಯುತ್ತವೆ ಎಂದು 2014ರ ಅಧ್ಯಯನವೊಂದು ಅಂದಾಜಿಸಿತ್ತು. ಇದು ವ್ಯೂ ಪಾಯಿಂಟ್‌ಗಳ ಲೆಕ್ಕವಲ್ಲ, ಮನೆ, ಕಚೇರಿ ಎಲ್ಲ ಸೇರಿದ ಲೆಕ್ಕ. ಆದರೆ ಗಾಜನ್ನು ಕಾಡಿನ ಅಂಚಿಗೇ ಒಯ್ದರೆ ಹಕ್ಕಿಗಳ ವಿಷಯದಲ್ಲಿ ಎಚ್ಚರ ಬೇಕೇ ಬೇಕು.

ಪರಿಹಾರ ಇದೆ. ಗಾಜಿನ ಹೊರಮೈ ತುಂಬ ಸುಮಾರು 5 ಸೆಂ.ಮೀ. ಅಂತರದಲ್ಲಿ ಚುಕ್ಕಿ ಅಥವಾ ಗೆರೆಗಳಿದ್ದರೆ ಹಕ್ಕಿಗಳು ಅದನ್ನು ಗುರುತಿಸುತ್ತವೆ. ಗಿಡುಗನ ಚಿತ್ರದ ಒಂದೇ ಒಂದು ಸ್ಟಿಕ್ಕರ್ ಅಂಟಿಸಿದರೆ ಸಾಕು ಎಂಬುದು ಮಾತ್ರ ತಪ್ಪು ಕಲ್ಪನೆ.

ಹಸಿರು ಬಣ್ಣ ಯಾಕೆ ಕಣ್ಣಿಗೆ ಹೊಡೆಯುತ್ತದೆ?

ಕಾಡು ಒಂದೇ ಹಸಿರಿನದ್ದಲ್ಲ. ಎಲೆಗಳ ಸಂದಿಯಲ್ಲೆಲ್ಲ ನೆರಳಿರುವುದರಿಂದ ದೂರಕ್ಕೆ ಅದು ನಾವು ಅಂದುಕೊಂಡದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ. ನುಣುಪಾದ ಗೋಡೆಗೆ ಬಳಿದ ತಿಳಿ ಹಸಿರು ಅದರ ನಡುವೆ ಎದ್ದು ಕಾಣುತ್ತದೆ. ಅದಕ್ಕೇ ಅಮೆರಿಕದ ಭೂ ನಿರ್ವಹಣಾ ಇಲಾಖೆ, ಬಣ್ಣವು ಹಿನ್ನೆಲೆಗಿಂತ ಒಂದೆರಡು ಛಾಯೆ ಗಾಢವಾಗಿರಲಿ ಎಂದು ಸಲಹೆ ಕೊಡುತ್ತದೆ. ನಮ್ಮ ಪಶ್ಚಿಮ ಘಟ್ಟದ ಹುಲ್ಲುಗಾವಲನ್ನೇ ನೋಡಿ: ಮಳೆಗಾಲದಲ್ಲಿ ಹಸಿರು, ಬೇಸಿಗೆಯಲ್ಲಿ ಒಣಹುಲ್ಲಿನ ಕಂದು. ಒಂದೇ ಹಸಿರು ಬಣ್ಣ ವರ್ಷವಿಡೀ ಹೊಂದುವುದಾದರೂ ಹೇಗೆ?

ಬಣ್ಣಕ್ಕಿಂತ ಜಾಗ ಮುಖ್ಯ

ಬೆಟ್ಟದ ನೆತ್ತಿಯ ಮೇಲೆ ಏನೇ ಕಟ್ಟಿದರೂ ಆಕಾಶದ ಬೆಳಕಿಗೆ ಅದರ ಆಕಾರ ಸ್ಪಷ್ಟವಾಗಿ ಕಾಣುತ್ತದೆ, ಬಣ್ಣ ಯಾವುದಿದ್ದರೂ ಅಷ್ಟೆ. ನೆತ್ತಿಗಿಂತ ಸ್ವಲ್ಪ ಕೆಳಗೆ ಕಟ್ಟಿದರೆ ಹಿಂದಿರುವ ಬೆಟ್ಟವೇ ಅದಕ್ಕೆ ಮರೆ.

ಇದಕ್ಕೆ ಒಳ್ಳೆಯ ಉದಾಹರಣೆ ಸ್ಪೇನ್‌ಗೆ ಸೇರಿದ ಲಾಂಜರೋಟೆ ದ್ವೀಪದ ಮಿರಾದೋರ್ ದೆಲ್ ರಿಯೋ. ಸಮುದ್ರಮಟ್ಟದಿಂದ ಸುಮಾರು 475 ಮೀಟರ್ ಎತ್ತರದ ಕಡಿದಾದ ಬಂಡೆಯ ಅಂಚಿನಲ್ಲಿ ಹಿಂದೆ ಸೇನೆಯ ಫಿರಂಗಿ ಠಾಣೆಯಿತ್ತು. ಅದೇ ಜಾಗದಲ್ಲಿ ಕಲಾವಿದ ಸೀಸರ್ ಮನ್ರಿಕೆ ಮತ್ತು ಸಂಗಡಿಗರು ರೂಪಿಸಿದ ವೀಕ್ಷಣಾ ತಾಣ 1973ರಲ್ಲಿ ತೆರೆಯಿತು. ಗುಮ್ಮಟಾಕಾರದ ಕೋಣೆಗಳನ್ನು ಬೆಟ್ಟದೊಳಗೆ ಕಟ್ಟಿ, ಮೇಲೆ ಮಣ್ಣು ಮುಚ್ಚಿದ್ದಾರೆ. ಅಂಕುಡೊಂಕಾದ ಓಣಿಯಲ್ಲಿ ನಡೆದು ಒಳಗೆ ಹೋದಾಗಲೇ ದೊಡ್ಡ ಕಿಟಕಿಗಳಾಚೆ ಸಮುದ್ರವೂ ಲಾ ಗ್ರಾಸಿಯೋಸಾ ದ್ವೀಪವೂ ಕಾಣುತ್ತವೆ. ಗಾಜು ಇಲ್ಲೂ ಇದೆ, ಕಾಂಕ್ರೀಟೂ ಇದೆ. ಆದರೆ ಬೆಟ್ಟದ ಗೆರೆ ಬದಲಾಗಿಲ್ಲ.

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಎರಡು ಮಾದರಿಯನ್ನೂ ನೋಡಬಹುದು. 1914ರಲ್ಲಿ ಮೇರಿ ಕೋಲ್ಟರ್ ವಿನ್ಯಾಸ ಮಾಡಿದ ಲುಕ್‌ಔಟ್ ಸ್ಟುಡಿಯೊ ಒರಟು ಕಲ್ಲಿನದ್ದು. ಅದರ ಮೇಲಂಚು ಏರುಪೇರಾಗಿರುವುದರಿಂದ ಬಂಡೆಯೇ ಮುಂದುವರಿದಂತೆ ಕಾಣುತ್ತದೆ. ಕಣಿವೆಯ ಪಶ್ಚಿಮ ಭಾಗದಲ್ಲಿ 2007ರಲ್ಲಿ ತೆರೆದ ಗಾಜಿನ ಸ್ಕೈವಾಕ್ ಅಂಚಿನಿಂದ ಸುಮಾರು 21 ಮೀಟರ್ ಹೊರಕ್ಕೆ ಚಾಚಿದೆ. ಅಲ್ಲಿ ರೋಮಾಂಚನವೇ ಉದ್ದೇಶ, ಬೆರೆತುಹೋಗುವುದಲ್ಲ.

ಕಾಣದಿದ್ದರೆ ಹಾನಿ ಇಲ್ಲವೇ?

ಹಾಗೆ ಹೇಳಲಾಗದು. ಕಟ್ಟಡ ಎಷ್ಟೇ ಅಡಗಿದ್ದರೂ ಅಲ್ಲಿಗೆ ಬರುವ ಜನರ ಕಾಲ್ತುಳಿತ, ರಸ್ತೆ, ಪಾರ್ಕಿಂಗ್, ರಾತ್ರಿಯ ದೀಪಗಳು ಅಡಗುವುದಿಲ್ಲ. ಕಾಲ್ತುಳಿತದ ಬಗ್ಗೆ ನಡೆದ ಸಂಶೋಧನೆಗಳು ಅಚ್ಚರಿಯ ಸಂಗತಿ ಹೇಳುತ್ತವೆ: ಯಾರೂ ತುಳಿಯದ ನೆಲಕ್ಕೆ ಮೊದಲ ಕೆಲವು ಹೆಜ್ಜೆಗಳೇ ಹೆಚ್ಚು ಪೆಟ್ಟು ಕೊಡುತ್ತವೆ. ಆಗಲೇ ಸವೆದ ದಾರಿಯಲ್ಲಿ ಇನ್ನಷ್ಟು ಜನ ನಡೆದರೆ ಹೆಚ್ಚುವರಿ ಹಾನಿ ಕಡಿಮೆ. ಎಂದರೆ ನೂರು ಜನ ನೂರು ಕಡೆ ಹರಡುವುದಕ್ಕಿಂತ ಒಂದೇ ದಾರಿಯಲ್ಲಿ ನಡೆಯುವುದು ಮೇಲು. ಒಳ್ಳೆಯ ವ್ಯೂ ಪಾಯಿಂಟ್‌ನ ನಿಜವಾದ ಕೆಲಸ ಇದೇ. ನೋಟವನ್ನು ಒಂದು ಕಡೆ ಸುರಕ್ಷಿತವಾಗಿ ಕೊಟ್ಟು, ಉಳಿದ ಬೆಟ್ಟವನ್ನು ಅದರ ಪಾಡಿಗೆ ಬಿಡುವುದು.

ಘಟ್ಟದಲ್ಲಿ ನೀರಿನ ಪ್ರಶ್ನೆಯೂ ಇದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆಯಾಗುತ್ತದೆ. ಇಂಥ ಕಡೆ ಇಳಿಜಾರನ್ನು ಕಡಿದು ಸಮತಟ್ಟು ಮಾಡಿ, ನೀರಿನ ಸಹಜ ದಾರಿ ಮುಚ್ಚಿದರೆ ಮಣ್ಣು ಕುಸಿಯುವ ಅಪಾಯ ಹೆಚ್ಚುತ್ತದೆ. ನೆಲ ಅಗೆಯುವುದು ಕಡಿಮೆಯಾಗುವಂತೆ ಕಂಬಗಳ ಮೇಲೆ ನಿಲ್ಲಿಸಿದ ಅಟ್ಟಣೆಯಾದರೆ ನೀರು ಅದರ ಕೆಳಗೆ ಹರಿದುಹೋಗುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಪರಿಸರಸ್ನೇಹಿ ವ್ಯೂ ಪಾಯಿಂಟ್ ಎಂಬ ಸಂದೇಶ ಬಂದರೆ ಈ ನಾಲ್ಕನ್ನು ಕೇಳಿಕೊಳ್ಳಿ:

- ಕಟ್ಟಡ ಬೆಟ್ಟದ ನೆತ್ತಿಯ ಮೇಲಿದೆಯೇ, ಕೆಳಗಿದೆಯೇ?
- ಗಾಜಿದ್ದರೆ ಹಕ್ಕಿಗಳಿಗಾಗಿ ಗುರುತು ಹಾಕಿದ್ದಾರೆಯೇ?
- ಮಳೆನೀರು ಎಲ್ಲಿ ಹರಿಯುತ್ತದೆ?
- ಒಂದು ಹೊತ್ತಿಗೆ ಎಷ್ಟು ಜನರನ್ನು ಬಿಡುತ್ತಾರೆ, ವಾಹನ ಎಲ್ಲಿ ನಿಲ್ಲುತ್ತದೆ?

ವಿಡಿಯೊದಲ್ಲಿ ಇವಕ್ಕೆ ಉತ್ತರ ಇರದೇ ಇರಬಹುದು. ಆದರೆ ನಿಮ್ಮೂರಿನ ಬೆಟ್ಟಕ್ಕೆ ಇಂಥ ಯೋಜನೆ ಬಂದಾಗ ಪಂಚಾಯಿತಿಯಲ್ಲಿ, ಅರಣ್ಯ ಇಲಾಖೆಯಲ್ಲಿ ಇವನ್ನೇ ಕೇಳಬಹುದು. ಕೆಲಸ ಶುರುವಾಗುವ ಮೊದಲೇ ಕೇಳಿದರೆ ಒಳ್ಳೆಯದು. ಕಡಿದ ಇಳಿಜಾರನ್ನು ಮೊದಲಿನಂತೆ ಮಾಡುವುದು ಸುಲಭವಲ್ಲ.