ಹಾಜರಿ ಕೂಗುವಾಗ ನಾವೆಲ್ಲಿ?



ಕಾರವಾರದ ಬಸ್‌ಸ್ಟ್ಯಾಂಡಿನಲ್ಲೋ ಅಂಕೋಲೆಯ ಚಾದಂಗಡಿಯಲ್ಲೋ ಹಗಲು ಹನ್ನೊಂದಕ್ಕೆ ಪುಸ್ತಕ ಹಿಡಿದು ಕೂತವರನ್ನು ಕಂಡರೆ ದೊಡ್ಡವರದ್ದು ಒಂದೇ ಮಾತು: 'ಹಾಸ್ಟೆಲ್ ಹುಡುಗ್ರು, ಸರ್ಕಾರದ ಅನ್ನ ತಿಂದು ಚಕ್ಕರ್ ಹೊಡೀತಾರೆ.' ಉಳ್ಳವರ ಮಗ ಬೈಕಿನಲ್ಲಿ ಕಡಲ ದಂಡೆಗೆ ಹೋದರೆ ಅದು ಹುಡುಗಾಟ. ನಾವು ಹೋದರೆ ಜಾತಿಯ ಗುಣ!

ನಾವು ಎಂತಕ್ಕೆ ಕ್ಲಾಸಿಗೆ ಹೋಗುವುದಿಲ್ಲ? ಅವರು ಕೇಳುವುದಿಲ್ಲ, ನಾವೇ ಕೇಳಿಕೊಳ್ಳೋಣ. ಹತ್ತನೇ ತನಕ ಕನ್ನಡದಲ್ಲಿ ಓದಿ ಪಿಯುಸಿ ಸೈನ್ಸಿಗೆ ಬಂದವನ ಮೇಲೆ ಇಂಗ್ಲಿಷು ಜೂನಿನ ಮಳೆಯ ಹಾಗೆ ಸುರಿಯುತ್ತದೆ. ಕೊಡೆ ಕೊಡುವವರಿಲ್ಲ. ಒಂದು ವಾರ ತಲೆ ತಗ್ಗಿಸಿ ಕೂರುತ್ತಾನೆ. ಬಾಯಿ ಬಿಟ್ಟು ಪ್ರಶ್ನೆ ಕೇಳಿದರೆ ಹಿಂದಿನಿಂದ ನಗು. ಮೂರನೇ ವಾರ ಬೆಂಚು ಖಾಲಿ. ಇನ್ನೊಂದು, ಸ್ಕಾಲರ್‌ಶಿಪ್ ಅರ್ಜಿಯ ದಿನ 'ಎಸ್ಸಿ ಹುಡುಗರು ಎದ್ದು ನಿಲ್ಲಿ' ಎಂಬ ಕೂಗು. ಇಡೀ ಕ್ಲಾಸು ತಿರುಗಿ ನೋಡುತ್ತದೆ. ಆ ಒಂದು ನಿಮಿಷಕ್ಕೆ ಹೆದರಿ ಇಡೀ ದಿನ ಹೊರಗುಳಿದವರು ನಮ್ಮಲ್ಲಿಲ್ಲವೆ? ಹುಡುಗಿಯರನ್ನು ಕೇಳಿದರೆ ನೀರಿಲ್ಲದ ಪಾಯಖಾನೆಯ ಮಾತು ಮೊದಲು ಬರುತ್ತದೆ. ತಪ್ಪಿದ ಬಸ್ಸು, ಅಪ್ಪನ ಕೂಲಿ, ಅವ್ವನ ಜ್ವರ, ಇವು ಗೊತ್ತಿದ್ದದ್ದೇ.

ಇದಿಷ್ಟೂ ನಿಜ. ಆದರೆ ಈ ನಿಜದ ಹಿಂದೆ ಅಡಗಿ ಕೂರುವವರೂ ಇದ್ದಾರಲ್ಲ! ರಾತ್ರಿ ಎರಡರ ತನಕ ಮೊಬೈಲು ತಿಕ್ಕಿ ಬೆಳಿಗ್ಗೆ ಮುಸುಕು ಎಳೆಯುವವರು, ಏಪ್ರಿಲ್ 14ರ ಮೆರವಣಿಗೆಯಲ್ಲಿ ಮಾತ್ರ ಫೋಟೋ ಹೊರಲು ಮೊದಲ ಸಾಲಿನಲ್ಲಿ ಹಾಜರ್. ಆ ಫೋಟೋದಲ್ಲಿರುವವರು ಸಾತಾರೆಯ ಶಾಲೆಯಲ್ಲಿ ಗೋಣಿ ತಟ್ಟಿನ ಮೇಲೆ ಬೇರೆಯಾಗಿ ಕೂತವರು. ಸಂಜೆ ಆ ತಟ್ಟನ್ನೂ ಮನೆಗೆ ಹೊತ್ತೊಯ್ಯಬೇಕಿತ್ತು. ಜವಾನ ನಲ್ಲಿ ತಿರುಗಿಸದಿದ್ದರೆ ನೀರೂ ಇಲ್ಲ.

ಅದಕ್ಕೂ ಹಿಂದೆ, 1856ರಲ್ಲಿ, ಘಟ್ಟದ ಮೇಲಿನ ಧಾರವಾಡದಲ್ಲಿ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ನ್ಯಾಯ ಅವನ ಕಡೆಗಿದೆ ಎಂದು ಸರ್ಕಾರ ಒಪ್ಪಿಕೊಂಡಿತು. ಒಪ್ಪಿಕೊಂಡೇ ಬಾಗಿಲು ಹಾಕಿತು: ಒಬ್ಬನಿಗಾಗಿ ಉಳಿದವರು ಶಾಲೆ ಬಿಟ್ಟಾರೆಂಬ ಭಯ! ಆ ಹುಡುಗನ ಹೆಸರು ಹಾಜರಿ ಪುಸ್ತಕ ಏರಲೇ ಇಲ್ಲ. ನಮ್ಮ ಹೆಸರು ಏರಿದೆ, ಎದುರಿಗೆ 'ಗೈರು' ಎಂಬ ಗುರುತೂ ಇದೆ. ಆಗ ಬಾಗಿಲಲ್ಲಿ ತಡೆದವರಿಗೆ ಈಗ ತಡೆಯುವ ಕೆಲಸವೇ ಇಲ್ಲ. ಎಪ್ಪತ್ತೈದು ಪರ್ಸೆಂಟ್ ಹಾಜರಾತಿ ಇಲ್ಲದಿದ್ದರೆ ಪಿಯುಸಿ ಪರೀಕ್ಷೆಗೆ ಕೂರಿಸುವುದಿಲ್ಲ. ಕೈ ಮುಟ್ಟದೆ, ಬೈಯದೆ, ಜಾತಿ ಎತ್ತದೆ ಹೊರಗೆ ಹಾಕುವ ಉಪಾಯ ಇದಕ್ಕಿಂತ ಬೇಕೆ? ಪರೀಕ್ಷೆ ತಪ್ಪಿದವನನ್ನು ಗೋವಾದ ಹೋಟೆಲು, ಊರಿನ ಮಣ್ಣುಕೆಲಸ ಕಾಯುತ್ತಿರುತ್ತವೆ. ಅಲ್ಲಿ ಚಕ್ಕರ್ ಹೊಡೆದರೆ ಕೂಲಿಯೇ ಇಲ್ಲ.

ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ ಯಾರ ಧರ್ಮವೂ ಅಲ್ಲ. 1944ರಲ್ಲಿ, ಬಾಬಾಸಾಹೇಬರು ವೈಸ್‌ರಾಯ್ ಕೌನ್ಸಿಲಿನಲ್ಲಿದ್ದಾಗ ಶುರುವಾದದ್ದು ಅದು. ಎದ್ದು ನಿಲ್ಲಿಸಿ ನಾಚಿಸುವ ಹಕ್ಕು ಯಾರಿಗೂ ಇಲ್ಲ. ಹಾಗೆ ಕೂಗಿದವರನ್ನು ಕ್ಲಾಸಿನೊಳಗೆ ಇದ್ದುಕೊಂಡೇ ಕೇಳಬೇಕು. ಚಾದಂಗಡಿಯ ಬೆಂಚಿನಿಂದ ಕೇಳಿದರೆ ಯಾರಿಗೆ ಕೇಳಿಸೀತು?

ಪ್ರತಿ ಹಾಸ್ಟೆಲಿನಲ್ಲೂ ಒಂದು ನೂರು ಪುಟದ ನೋಟ್‌ಬುಕ್ ಇಡಿ. ಕ್ಲಾಸಿಗೆ ಹೋಗದವರು ತಾರೀಕು, ಹೆಸರು, ಕಾರಣ ಬರೀಬೇಕು, ಸುಳ್ಳು ಬರೀಬಾರದು. ಬಸ್ಸಿನದ್ದು ಡಿಪೋಕ್ಕೆ, ಪಾಯಖಾನೆಯದ್ದು ಪ್ರಿನ್ಸಿಪಾಲರಿಗೆ, ಇಂಗ್ಲಿಷ್ ಟ್ಯೂಷನ್ನಿನದ್ದು ಸಮಾಜ ಕಲ್ಯಾಣ ಇಲಾಖೆಗೆ ಒಟ್ಟಾಗಿಯೇ ಒಯ್ಯೋಣ. ಮೊಬೈಲಿನದ್ದು ಎಲ್ಲಿಗೂ ಒಯ್ಯುವುದು ಬೇಡ, ಹಾಸ್ಟೆಲಿನ ಪಡಸಾಲೆಯಲ್ಲೇ ಎಲ್ಲರೆದುರು ಓದಿದರೆ ಸಾಕು. ಮುಂದಿನ ಸಭೆಗೆ ಬರುವಾಗ ಆ ನೋಟ್‌ಬುಕ್ ತನ್ನಿ.