ಅಂಗಸಾಧನೆಯ ಲೆಕ್ಕ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲವನ್ನು ಬೆನ್ನಿಗೇರಿಸಿಕೊಂಡು ಸಮನೆಲದ ಮೇಲೆ ನಡೆಯುವ ಹಮಾಲನು ಗುರುತ್ವದ ವಿರುದ್ಧ ಯಾವ ಕೆಲಸವನ್ನೂ ಮಾಡುವುದಿಲ್ಲವೆಂದು ನಾವು ಪ್ರತಿವರ್ಷ ತರಗತಿಯಲ್ಲಿ ಹೇಳುವುದುಂಟು. ವಿದ್ಯಾರ್ಥಿಗಳು ಪ್ರತಿವರ್ಷವೂ ನಗುವುದುಂಟು. ಬಲದ ದಿಕ್ಕಿನಲ್ಲಿ ಸ್ಥಾನಾಂತರವಿಲ್ಲದಿದ್ದರೆ ಭೌತಶಾಸ್ತ್ರದ ಲೆಕ್ಕದಲ್ಲಿ ಕೆಲಸವು ಸೊನ್ನೆಯೇ ಸರಿ. ಆದರೆ ಆತನ ಸ್ನಾಯುಗಳು ಈ ಸೂತ್ರವನ್ನು ಅರಿಯವು. ಭಾರವನ್ನು ಹಿಡಿದು ನಿಲ್ಲಿಸುವುದಕ್ಕೂ ಅವು ಎಡೆಬಿಡದೆ ರಾಸಾಯನಿಕ ಶಕ್ತಿಯನ್ನು ವ್ಯಯಿಸುತ್ತಿರುತ್ತವೆ. ಅದು ಶಾಖವಾಗಿ ಹೊರಬೀಳುತ್ತದೆ. ಹಮಾಲನ ಬೆವರಿಗೆ ಕಾರಣವಿದು. (ಬಿಡುವಿಲ್ಲದ ಆ ದುಡಿಮೆಯನ್ನು ವ್ಯಾಯಾಮವೆಂದು ಹೊಗಳುವವರ ಮಾತು ನಮಗೆ ಒಪ್ಪಿಗೆಯಿಲ್ಲ. ಯಾವಾಗ ನಿಲ್ಲಬೇಕೆಂಬುದು ತನ್ನ ಕೈಯಲ್ಲಿದ್ದರೆ ಮಾತ್ರ ಅದು ವ್ಯಾಯಾಮ.)

ಇದೇ ಪಾಠದ ಇನ್ನೊಂದು ಪ್ರಯೋಗ ಮೆಟ್ಟಿಲೇರುವುದು. 50 ಕಿಲೋಗ್ರಾಂ ತೂಕದ ವಿದ್ಯಾರ್ಥಿಯು 4 ಮೀಟರ್ ಎತ್ತರದ ಮಹಡಿಯನ್ನು 8 ಸೆಕೆಂಡುಗಳಲ್ಲಿ ಏರಿದರೆ ಆತನು ಮಾಡಿದ ಕೆಲಸ 1,960 ಜೂಲ್. ಸಾಮರ್ಥ್ಯ 245 ವ್ಯಾಟ್, ಅಂದರೆ ಅಶ್ವಶಕ್ತಿಯ ಸುಮಾರು ಮೂರನೆಯ ಒಂದು ಪಾಲು. ಕಳೆದ ಸಲ ವಿದ್ಯಾರ್ಥಿಗಳೊಡನೆ ನಾವೂ ಏರಿ ನೋಡಿದೆವು. ಮೇಲೆ ತಲುಪಿದಾಗ ಗಡಿಯಾರದ ಅಂಕೆಯನ್ನು ಓದಿ ಹೇಳುವಷ್ಟು ಉಸಿರು ನಮ್ಮಲ್ಲಿ ಉಳಿದಿರಲಿಲ್ಲ. ನಮ್ಮ ವಯಸ್ಸು ಇನ್ನೂ ನಲವತ್ತರ ಈಚೆಗಿದೆ. ಹದಿನೇಳರ ಹುಡುಗರಲ್ಲಿಯೂ ಹಲವರು ಗೋಡೆ ಹಿಡಿದು ನಿಂತದ್ದನ್ನು ಕಂಡಾಗ ಮಾತ್ರ ನಮ್ಮ ನಾಚಿಕೆಯು ಚಿಂತೆಗೆ ತಿರುಗಿತು.

ಸ್ನಾಯುವಿನ ದಕ್ಷತೆಯನ್ನು ನಾಲ್ಕನೆಯ ಒಂದು ಪಾಲೆಂದು ಹಿಡಿದರೆ, ಹೀಗೆ ಒಮ್ಮೆ ಏರಲು ದೇಹಕ್ಕೆ ತಗಲುವ ವೆಚ್ಚ ಸುಮಾರು 2 ಕಿಲೋಕ್ಯಾಲರಿ. ಒಂದು ಲೋಟ ಚಹಕ್ಕೆ ಹಾಕುವ ಎರಡು ಚಮಚ ಸಕ್ಕರೆಯಲ್ಲಿಯೇ 40 ಕಿಲೋಕ್ಯಾಲರಿಗಳುಂಟು. ಅದನ್ನು ತೀರಿಸಲು ಇಪ್ಪತ್ತು ಸಲ ಮಹಡಿ ಹತ್ತಬೇಕಾದೀತು! ಆದುದರಿಂದ ಬೊಜ್ಜು ಕರಗಿಸುವುದಕ್ಕೆಂದೇ ವ್ಯಾಯಾಮಕ್ಕೆ ತೊಡಗಿದವರು ಬಹುಬೇಗ ನಿರಾಶರಾಗುತ್ತಾರೆ. ಅದರ ಲಾಭವಿರುವುದು ಬೇರೆ ಕಡೆ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವೆಲ್ಲ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗವು ಕಡಿಮೆಯೆಂದು ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದರು. ದುಡಿಯುವ ಸ್ನಾಯುವು ಇನ್‌ಸುಲಿನ್ನಿನ ನೆರವಿಲ್ಲದೆಯೂ ರಕ್ತದಿಂದ ಗ್ಲೂಕೋಸನ್ನು ಹೀರಬಲ್ಲದು. ಇನ್ನು ಮೂಳೆಯ ಗಟ್ಟಿತನದ ಬಹುಭಾಗವನ್ನು ದೇಹವು ಇಪ್ಪತ್ತರ ಆಸುಪಾಸಿನೊಳಗೇ ಕೂಡಿಟ್ಟುಕೊಳ್ಳುತ್ತದೆ. ಓಟ, ನೆಗೆತಗಳಿಂದ ಬೀಳುವ ಭಾರವೇ ಅದಕ್ಕೆ ಪ್ರಚೋದನೆ. ಈ ಸಂಗತಿಯು ಮುಖ್ಯವಾಗಿ ನಮ್ಮ ವಾಚಕರ ವಯಸ್ಸಿನವರಿಗೆ ಸಂಬಂಧಿಸಿದ್ದು.

17 ವರ್ಷದವರೆಗಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಲನೆ ಅವಶ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿದೆ. 2016ರ ಅಂಕಿಗಳಂತೆ ಜಗತ್ತಿನ ಹದಿಹರೆಯದವರಲ್ಲಿ ಶೇಕಡ 81 ಮಂದಿ ಇಷ್ಟನ್ನು ಮಾಡುವವರಲ್ಲ. ಹುಡುಗಿಯರ ಸ್ಥಿತಿ ಇನ್ನೂ ಹಿಂದೆ. ಇದಕ್ಕೆ ಮಕ್ಕಳ ಸೋಮಾರಿತನವನ್ನು ದೂರುವುದು ಸುಲಭ. ವೇಳಾಪಟ್ಟಿಯಲ್ಲಿದ್ದ ಆಟದ ಅವಧಿಯನ್ನು, ಪಾಠ ಮುಗಿದಿಲ್ಲವೆಂದು ಕೇಳಿ ಪಡೆದವರು ಯಾರು? ನಾವೇ. ಪರೀಕ್ಷೆ ಸಮೀಪಿಸಿದಾಗಲೆಲ್ಲ ಆ ಅವಧಿಯಲ್ಲಿ ನಾವು ಚಲನೆಯ ನಿಯಮಗಳನ್ನು, ಅಲುಗಾಡದೆ ಕುಳಿತ ಅರವತ್ತು ಮಂದಿಗೆ ಬೋಧಿಸಿದ್ದೇವೆ.

ಸಾಧನೆಗೆ ಹಣ ಬೇಕೆಂಬುದೂ, ಡಬ್ಬಿಗಳಲ್ಲಿ ಮಾರುವ ಪುಡಿ ಬೇಕೆಂಬುದೂ ಭ್ರಮೆ. ಹಾವೇರಿ, ರಾಣೇಬೆನ್ನೂರುಗಳ ಕಡೆಯ ಗರಡಿಗಳಲ್ಲಿ ಹಿರಿಯರು ದಂಡ, ಬೈಠಕ್ಕುಗಳಿಗೆ ತಮ್ಮ ಮೈಭಾರವನ್ನೇ ಬಳಸಿದರು. ವಾರಕ್ಕೆ ಮೂರು ದಿನ ಅವನ್ನು ಮಾಡಿ, ಮಿಕ್ಕ ದಿನಗಳಲ್ಲಿ ಬಿರುಸಾಗಿ ನಡೆದರೂ, ಸೈಕಲ್ ತುಳಿದರೂ ಆದೀತು. ಮಾತನಾಡಬಹುದು, ಆದರೆ ಹಾಡಲಾಗದು ಎಂಬಷ್ಟು ವೇಗವಿರಲಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲೇರುವ ಮೊದಲೇ ಮುಗಿಸತಕ್ಕದ್ದು. ಕಾಲುದಾರಿಯಿಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವ ವಾಹನಗಳು ಕಾಣುವಂತೆ ಬಲಬದಿಯಲ್ಲಿ ನಡೆಯಬೇಕು.

ಗರಡಿಯಾಗಲಿ ಮೈದಾನವಾಗಲಿ ಬಹುಮಟ್ಟಿಗೆ ಹುಡುಗರ ಪಾಲಾಗಿರುವುದನ್ನೂ ಇಲ್ಲಿ ಹೇಳಲೇಬೇಕು. ಬಸ್ಸಿಳಿದು ನೆಟ್ಟಗೆ ಮನೆಗೆ ಬರಬೇಕಾದ ಹುಡುಗಿಗೆ ನಡೆಯಲು ಹೇಳಿದರೆ ಆಕೆ ಎಲ್ಲಿ ನಡೆಯಬೇಕು? ತರಗತಿ ಮುಗಿದ ಮೇಲೆ ಒಂದು ಗಂಟೆ ಕಾಲೇಜಿನ ಮೈದಾನವನ್ನು ಆಕೆಗಾಗಿಯೇ ಬಿಟ್ಟುಕೊಡುವುದು ಯಾವ ಆಡಳಿತಕ್ಕೂ ಹೊರೆಯಾಗಲಾರದು. ಈ ಮಾತನ್ನು ನಮ್ಮಲ್ಲಿ ಎತ್ತಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.

ಆಟದ ಅವಧಿಯನ್ನಂತೂ ಈ ವರ್ಷ ನಾವು ಕೇಳುವುದಿಲ್ಲ. ಪಾಠ ಉಳಿದರೆ ಬೆಳಗ್ಗೆ ಅರ್ಧಗಂಟೆ ಮೊದಲು ಬರುವೆವು.